ಕಾಡಂಚಿನ ಊರಿಗೊಂದು ರೇಡಿಯೊ: ಓದುಗರು ಕೇಳಿದ್ದು, ನಾವು ಹೇಳಿದ್ದು

ಸಮುದಾಯ ರೇಡಿಯೊ (ಊರಿನವರೇ ನಡೆಸುವ ಸಣ್ಣ ಎಫ್‌ಎಂ ನಿಲ್ದಾಣ) ಮತ್ತು ಕಾಡುಪ್ರಾಣಿಗಳ ಕುರಿತು ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಘಟ್ಟದ ಬುಡದ ಊರುಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ನೋಂದಾಯಿತ ಯುವಕ ಮಂಡಲ, ಆರು ವರ್ಷವಾಯಿತು. ಸೋಮೇಶ್ವರ ಅಭಯಾರಣ್ಯದ ಅಂಚಿನ ಹಳ್ಳಿಗಳಿಗಾಗಿ ಕಾಡು, ಕಾಡುಪ್ರಾಣಿಗಳ ಬಗ್ಗೆಯೇ ಮಾತಾಡುವ ರೇಡಿಯೊ ನಿಲ್ದಾಣ ಮಾಡಬೇಕೆಂದಿದ್ದೇವೆ. ಯಾರ ಅನುಮತಿ ಬೇಕು? ಕಾರ್ಕಳದವರೆಗೆ ಕೇಳಿಸೀತೇ? (ಹೆಬ್ರಿ)

ಉತ್ತರ: ಕಾರ್ಕಳದ ಆಸೆ ಬಿಡಿ. ಸಮುದಾಯ ರೇಡಿಯೊಗೆ ಸಾಮಾನ್ಯವಾಗಿ ಸಿಗುವುದು ಆಂಟೆನಾದಿಂದ ಹೊರಬೀಳುವ ಲೆಕ್ಕದಲ್ಲಿ 100 ವ್ಯಾಟ್ ಮಾತ್ರ. ಆಂಟೆನಾ ನೆಲದಿಂದ 30 ಮೀಟರಿಗಿಂತ ಎತ್ತರ ಇರಬಾರದು, 15 ಮೀಟರಿಗಿಂತ ತಗ್ಗಿಗೂ ಇಳಿಯಬಾರದು. ಬಯಲಿನಲ್ಲಿ ಇದರಿಂದ 10–12 ಕಿಲೋಮೀಟರ್ ಸಿಕ್ಕೀತು. ನಿಮ್ಮ ಕಡೆ ಗುಡ್ಡೆಗಳು ಅಡ್ಡ ನಿಲ್ಲುತ್ತವೆ, ಒಂದು ದಿಕ್ಕಿಗೆ 12, ಇನ್ನೊಂದು ದಿಕ್ಕಿಗೆ 3 ಎಂದು ಎಣಿಸಿಕೊಳ್ಳಿ.

ಅನುಮತಿ ಕೊಡುವುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ. 2002ರಲ್ಲಿ ಇದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ತೆರೆದಿತ್ತು, 2006ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ತೆರೆಯಿತು. 2024ರ ಫೆಬ್ರವರಿಯಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಗಿದೆ, ಅರ್ಜಿ ಹಾಕುವ ಮುನ್ನ ಅದನ್ನೇ ಓದಿ. ಹಳೆಯ ಪ್ರತಿ ಹಿಡಿದುಕೊಂಡು ಓಡಾಡುವವರು ಬಹಳ. ಸಂಸ್ಥೆ ನೋಂದಾಯಿತವಾಗಿದ್ದು ಕನಿಷ್ಠ ಮೂರು ವರ್ಷ ಊರಿನ ಕೆಲಸ ಮಾಡಿರಬೇಕು. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭಕ್ಕೆ ನಡೆಯುವ ಕಂಪನಿಗಳಿಗೆ ಪರವಾನಗಿ ಇಲ್ಲ. ಅರ್ಜಿ ಬ್ರಾಡ್‌ಕಾಸ್ಟ್ ಸೇವಾ ಜಾಲತಾಣದಲ್ಲಿ ಹಾಕಬೇಕು. ಸಚಿವಾಲಯದ ಒಪ್ಪಿಗೆ ಪತ್ರ ಬಂದ ಮೇಲೆ ದೂರಸಂಪರ್ಕ ಇಲಾಖೆಯಿಂದ ತರಂಗಾಂತರ ಮತ್ತು ಟವರಿನ ಜಾಗಕ್ಕೆ ಅನುಮತಿ, ಬಳಿಕ ಒಪ್ಪಂದಕ್ಕೆ ಸಹಿ. ಪರವಾನಗಿ ಮೊದಲಿಗೆ 10 ವರ್ಷಕ್ಕೆ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧಪಾಲು ಊರಿನವರೇ ಸೇರಿ ಮಾಡಿದ್ದಾಗಿರಬೇಕು. ಪ್ರಸಾರವಾದ ಎಲ್ಲದರ ಧ್ವನಿಮುದ್ರಣವನ್ನೂ ಮೂರು ತಿಂಗಳು ಕಾಪಿಡಬೇಕು.

ಟವರನ್ನು ಅಭಯಾರಣ್ಯದ ಒಳಗೆ ಅಥವಾ ಅರಣ್ಯ ಭೂಮಿಯಲ್ಲಿ ಯೋಚಿಸಲೇಬೇಡಿ, ಕಾಗದಪತ್ರಕ್ಕೇ ವರ್ಷಗಳು ಹೋಗುತ್ತವೆ. ಪಹಣಿ ಸರಿಯಿರುವ ಖಾಸಗಿ ಜಾಗ ಅಥವಾ ಶಾಲೆಯ ಜಾಗ ಹುಡುಕಿ.

ಕೇಳದಿದ್ದರೂ ಒಂದು ಮಾತು. ಕಾಡಿನ ಬಗ್ಗೆಯೇ ಮಾತಾಡುವ ನಿಲ್ದಾಣವನ್ನು ಯಾರೂ ಕೇಳುವುದಿಲ್ಲ. ಅಡಿಕೆ ಧಾರಣೆ, ಮಳೆಯ ಮುನ್ಸೂಚನೆ, ಭಜನೆ, ಬಯಲಾಟದ ಪದ ಇವುಗಳ ನಡುವೆ ದಿನಕ್ಕೆ ಒಂದು ಗಂಟೆ ಕಾಡಿನ ಮಾತು ಸಾಕು. ನಾಗರಹೊಳೆ, ಬಂಡೀಪುರಗಳ ಮಗ್ಗುಲಲ್ಲಿರುವ ಸರಗೂರಿನ ಜನಧ್ವನಿಯಾಗಲಿ, ನಮ್ಮಲ್ಲೇ ಇರುವ ಮಂಗಳೂರಿನ ರೇಡಿಯೊ ಸಾರಂಗ್, ರೇಡಿಯೊ ಮಣಿಪಾಲಗಳಾಗಲಿ, ಒಂದೇ ವಿಷಯಕ್ಕೆ ಅಂಟಿಕೊಂಡು ಕೂತಿಲ್ಲ.

ಇನ್ನೊಂದು: ಟ್ರಾನ್ಸ್‌ಮಿಟರ್ ಇಲ್ಲದೆಯೇ ಆರು ತಿಂಗಳು ರೇಡಿಯೊ ನಡೆಸಿ ನೋಡಿ. ವಾರಕ್ಕೊಂದು ಹತ್ತು ನಿಮಿಷದ ಕಾರ್ಯಕ್ರಮ ಮುದ್ರಿಸಿ ಹಾಲಿನ ಡೇರಿಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ, ಪಡಿತರ ಅಂಗಡಿಯ ಸಾಲಿನ ಮುಂದೆ ಸಣ್ಣ ಸ್ಪೀಕರಿನಲ್ಲಿ ಕೇಳಿಸಿ. ಸೆಕೆಂಡಿಗೆ 64 ಕಿಲೋಬಿಟ್‌ನ ಮೋನೊ ಎಂಪಿ3 ಆದರೆ ಹತ್ತು ನಿಮಿಷಕ್ಕೆ 5 ಎಂಬಿ ಒಳಗೇ ಮುಗಿಯುತ್ತದೆ, ವಾಟ್ಸಾಪಿನಲ್ಲೂ ಹೋಗುತ್ತದೆ. ಆರು ತಿಂಗಳು, ಅಂದರೆ 26 ಕಾರ್ಯಕ್ರಮ ತಪ್ಪದೆ ಮಾಡಿದ ತಂಡ ಅರ್ಜಿ ಹಾಕಬಹುದು. ಎಂಟನೆಯದಕ್ಕೇ ಸುಸ್ತಾದರೆ ಟವರಿನ ದುಡ್ಡು ಉಳಿಯಿತು.

ಪ್ರಶ್ನೆ: ಹನ್ನೊಂದು ಕಿಲೋಮೀಟರ್ ದೂರದ ಸಮುದಾಯ ರೇಡಿಯೊ ನಮ್ಮ ಬೈಲಿನಲ್ಲಿ ಬರೇ ‘ಶ್‌ಶ್’ ಎನ್ನುತ್ತದೆ. ಗುಡ್ಡೆ ಹತ್ತಿದರೆ ಸ್ಪಷ್ಟ. ಪವರ್ ಇಮ್ಮಡಿ ಮಾಡಿ ಎಂದು ಅವರಿಗೆ ಬರೆಯೋಣವೇ? (ಅಮಾಸೆಬೈಲು)

ಉತ್ತರ: ಬರೆದು ಪ್ರಯೋಜನವಿಲ್ಲ. ಪರವಾನಗಿಯ ಮಿತಿ ಒಂದು ಕಡೆ. ಪವರ್ ಇಮ್ಮಡಿಯಾದರೂ ಹೆಚ್ಚುವುದು 3 ಡೆಸಿಬೆಲ್ (ಸಿಗ್ನಲಿನ ಬಲದ ಅಳತೆ), ಅದು ಕಿವಿಗೆ ಗೊತ್ತಾಗುವುದೇ ಕಷ್ಟ. ಅದೇ ಆಂಟೆನಾದ ಎತ್ತರ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಸಿಗುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ಹಾಗೆ, ಟವರ್ ಕಾಣದ ಕಡೆಗೆ ಗುಡ್ಡೆಯ ನೆತ್ತಿ ಸವರಿ ಬಗ್ಗಿ ಬಂದಷ್ಟೇ ಬರುತ್ತದೆ.

ನಿಲ್ದಾಣದವರಿಗೆ ಬರೆಯುವುದಿದ್ದರೆ ಎರಡು ಪ್ರಶ್ನೆ ಕೇಳಿ. ಒಂದು, ನೀವು ಸ್ಟೀರಿಯೊದಲ್ಲಿ (ಎಡ–ಬಲಕ್ಕೆ ಬೇರೆ ಬೇರೆ ಧ್ವನಿ; ಮೋನೊ ಎಂದರೆ ಒಂದೇ ಧ್ವನಿ) ಪ್ರಸಾರ ಮಾಡುತ್ತಿದ್ದೀರಾ? ಮೋನೊದಷ್ಟೇ ಸ್ವಚ್ಛವಾಗಿ ಕೇಳಬೇಕಾದರೆ ಸ್ಟೀರಿಯೊಗೆ ಸುಮಾರು 20 ಡೆಸಿಬೆಲ್ ಹೆಚ್ಚು ಸಿಗ್ನಲ್ ಬೇಕು, ಎಂದರೆ ನೂರು ಪಟ್ಟು ಶಕ್ತಿ. ಮಾತೇ ಮುಖ್ಯವಾದ ನಿಲ್ದಾಣಕ್ಕೆ ಸ್ಟೀರಿಯೊ ಏಕೆ? ಎಕ್ಸೈಟರಿನಲ್ಲಿ (ಪ್ರಸಾರದ ಸಿಗ್ನಲ್ ಹುಟ್ಟಿಸುವ ಭಾಗ) ಒಂದು ಗುಂಡಿ ಒತ್ತಿ ಮೋನೊ ಮಾಡಿದರೆ ಅಂಚಿನ ಎಷ್ಟೋ ಮನೆಗಳಿಗೆ ರೇಡಿಯೊ ಬರುತ್ತದೆ, ಖರ್ಚು ಸೊನ್ನೆ. ಎರಡು, ಟ್ರಾನ್ಸ್‌ಮಿಟರಿನಿಂದ ಆಂಟೆನಾಕ್ಕೆ ಯಾವ ಕೇಬಲ್? ತೆಳು ಆರ್‌ಜಿ-213 ಕೇಬಲನ್ನು 40 ಮೀಟರ್ ಎಳೆದಿದ್ದರೆ 50 ವ್ಯಾಟಿನಲ್ಲಿ ಮೇಲೆ ತಲುಪುವುದು 28 ವ್ಯಾಟಿನಷ್ಟು, ಉಳಿದದ್ದು ಕೇಬಲ್ ಬಿಸಿ ಮಾಡಲು. ಅರ್ಧ ಇಂಚಿನ ಫೋಮ್ ಕೇಬಲಾದರೆ 40 ವ್ಯಾಟ್ ತಲುಪುತ್ತದೆ.

ಇನ್ನು ನಿಮ್ಮ ಕೈಯಲ್ಲೇ ಇರುವುದು. ತಾಮ್ರದ ತಂತಿಯ ಎರಡು ತುಂಡುಗಳನ್ನು ಒಂದು ಪಿವಿಸಿ ಪೈಪಿನ ಮೇಲೆ ನೇರ ಗೆರೆಯಲ್ಲಿ, ನಡುವೆ ಎರಡು ಸೆಂಟಿಮೀಟರ್ ಬಿಟ್ಟು ಕಟ್ಟಿ. 90.4 ಮೆಗಾಹರ್ಟ್ಸ್‌ಗೆ ಪ್ರತಿ ತುಂಡು 79 ಸೆಂ.ಮೀ., 107.8ಕ್ಕೆ 66 ಸೆಂ.ಮೀ. ಬೇರೆ ನಿಲ್ದಾಣಕ್ಕಾದರೆ 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿ, ಬಂದ ಮೀಟರಿನ ಅರ್ಧ ಒಂದು ತುಂಡಿಗೆ. ಡಿಶ್ ಟಿವಿಗೆ ಬಳಸುವ ಕೇಬಲಿನ ನಡುವಿನ ತಂತಿಯನ್ನು ಒಂದು ತುಂಡಿಗೂ ಹೊರಗಿನ ಜಾಲರಿಯನ್ನು ಇನ್ನೊಂದಕ್ಕೂ ಬೆಸೆಯಿರಿ. ಇನ್ನೊಂದು ತುದಿ ರೇಡಿಯೊದ ಆಂಟೆನಾ ತೂತಿಗೆ. ಆ ತೂತು ಇಲ್ಲದ ಸೆಟ್ಟಾದರೆ ನಡುವಿನ ತಂತಿಯನ್ನು ಏರಿಯಲ್ ಕಡ್ಡಿಗೆ ಕ್ಲಿಪ್ಪಿನಿಂದ ಹಿಡಿಸಿ. ಪೈಪನ್ನು ಮೊದಲು ನಿಲ್ಲಿಸಿ, ಆಮೇಲೆ ಮಲಗಿಸಿ ನೋಡಿ, ಯಾವುದರಲ್ಲಿ ಚೆನ್ನಾಗಿ ಬರುತ್ತದೋ ಹಾಗೇ ಬಿಡಿ. ಮಲಗಿಸಿದಾಗ ಅದರ ಅಗಲದ ಮೈ ಟವರಿನ ಕಡೆಗಿರಬೇಕು, ತುದಿಯಲ್ಲ. ಹಂಚಿನ ಮಾಡಿನ ಮೇಲಕ್ಕೆ ಹತ್ತಡಿ ಏರಿಸಿದರೂ ಗುಡ್ಡೆಯ ನೆರಳಿನಲ್ಲಿ ವ್ಯತ್ಯಾಸ ದೊಡ್ಡದು. ಅಡಿಕೆ ಮರದ ತುದಿಗೆ ಮಾತ್ರ ಕಟ್ಟಬೇಡಿ, ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ.

ರಾತ್ರಿ ಮಾತ್ರ ‘ಶ್‌ಶ್’ ಜಾಸ್ತಿಯಾಗುತ್ತಿದ್ದರೆ ಮನೆಯ ಎಲ್‌ಇಡಿ ಬಲ್ಬುಗಳನ್ನೂ ಚಾರ್ಜರುಗಳನ್ನೂ ಒಂದೊಂದಾಗಿ ಆರಿಸಿ ನೋಡಿ. ಅಗ್ಗದ ಬಲ್ಬಿನ ಒಳಗಿನ ಸರ್ಕ್ಯೂಟು ಇದೇ ತರಂಗಾಂತರಗಳಲ್ಲಿ ಗದ್ದಲ ಎಬ್ಬಿಸುತ್ತದೆ.

ಪ್ರಶ್ನೆ: ನಿಲ್ದಾಣವೊಂದರಲ್ಲಿ ಸ್ವಯಂಸೇವಕ. ಮೇ ತಿಂಗಳಲ್ಲಿ ಸಿಡಿಲಿಗೆ, ಜುಲೈಯಲ್ಲಿ ಮಳೆಗೆ ಟ್ರಾನ್ಸ್‌ಮಿಟರ್ ಕೈಕೊಡುತ್ತದೆ. ರಿಪೇರಿಯವರು ಪ್ರತಿ ಸಲ ಬೋರ್ಡ್ ಬದಲಿಸುತ್ತಾರೆ. (ಶಂಕರನಾರಾಯಣ)

ಉತ್ತರ: ಮಳೆಗಾಲದ್ದು ಬಹುಮಟ್ಟಿಗೆ ಟ್ರಾನ್ಸ್‌ಮಿಟರಿನ ತಪ್ಪಲ್ಲ, ಕನೆಕ್ಟರಿನದು. ನೀರು ಒಳಗಿಳಿದಾಗ ಶಕ್ತಿ ಆಂಟೆನಾದಿಂದ ಹಿಂದಕ್ಕೆ ಮರಳುತ್ತದೆ. ಅದನ್ನು ತೋರಿಸುವ ಅಂಕಿಯೇ ಎಸ್‌ಡಬ್ಲ್ಯುಆರ್. ಎಸ್‌ಡಬ್ಲ್ಯುಆರ್ 1.5 ಇದ್ದರೆ ಮರಳುವುದು ನೂರಕ್ಕೆ 4, 2 ಆದರೆ 11, 3 ಆದರೆ 25. ಒಳ್ಳೆಯ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಪವರ್ ತಾನೇ ಇಳಿಸಿಕೊಳ್ಳುತ್ತದೆ, ಅಗ್ಗದ್ದು ಸುಟ್ಟುಹೋಗುತ್ತದೆ. ಬೋರ್ಡ್ ಬದಲಿಸುವ ಮುನ್ನ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾದ ಬದಲಿಗೆ ಶಕ್ತಿ ಹೀರುವ ಹೊರೆ) ಜೋಡಿಸಿ ಹಚ್ಚಿ. ಅದರಲ್ಲಿ ಪೂರ್ಣ ಪವರ್ ಬಂದರೆ ಯಂತ್ರ ಸರಿಯಿದೆ, ತೊಂದರೆ ಮೇಲಿದೆ. ಬಿಸಿಲು ಬಿದ್ದ ದಿನ ಸರಿಯಾಗಿ, ಮಳೆ ಬಂದ ದಿನ ಎಸ್‌ಡಬ್ಲ್ಯುಆರ್ ಏರುತ್ತಿದ್ದರೆ ಬೇರೆ ಸಾಕ್ಷಿ ಬೇಡ. ದಿನಾ ಬೆಳಗ್ಗೆ ಹಚ್ಚಿದೊಡನೆ ಮುಂದಕ್ಕೆ ಹೋಗುವ ಪವರ್ ಎಷ್ಟು, ಮರಳುವುದೆಷ್ಟು ಎಂದು ಪುಸ್ತಕದಲ್ಲಿ ಬರೆದಿಡಿ. ಏರಿಕೆ ವಾರದ ಮುಂಚೆಯೇ ಕಾಣುತ್ತದೆ.

ಕನೆಕ್ಟರನ್ನು ಮುಚ್ಚುವುದು ಮೇ ಮೊದಲ ವಾರದ ಕೆಲಸ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸಿ, ಕೆಳಗಿನಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವ ಹಾಗೆ ಸುತ್ತಿ. ಮಾಡಿಗೆ ಹಂಚು ಹೊದಿಸುವುದೂ ಹೀಗೇ, ಕೆಳಗಿನ ಸಾಲು ಮೊದಲು. ಅದರ ಮೇಲೆ ಪಿವಿಸಿ ಟೇಪು. ಬರೇ ಪಿವಿಸಿ ಟೇಪು ಆಟಿ ತಿಂಗಳವರೆಗೂ (ಜುಲೈ–ಆಗಸ್ಟ್) ಬಾಳುವುದಿಲ್ಲ. ಕೇಬಲು ಗೋಡೆಯೊಳಕ್ಕೆ ಹೋಗುವ ಮೊದಲು ಒಂದಡಿ ಕೆಳಗೆ ಇಳಿದು ಮೇಲೇರುವಂತೆ ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸಿಡಿಲಿಗೆ ಅರ್ಥಿಂಗ್. ನಮ್ಮ ಮುರಕಲ್ಲು ನೆಲ ವಿದ್ಯುತ್ತನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದು ಗುಂಡಿಯಲ್ಲಿ ಒಂದು ಪೈಪು ಹುಗಿದು, ಉಪ್ಪು ಇದ್ದಿಲು ತುಂಬಿ ಕೈ ತೊಳೆದುಕೊಳ್ಳುವುದು ಇಲ್ಲಿ ಸಾಲದು, ಒಂದೆರಡು ಮಳೆಗಾಲಕ್ಕೆ ಉಪ್ಪು ಕರಗಿ ಹೋಗುತ್ತದೆ, ಪೈಪಿಗೆ ತುಕ್ಕು ಮಾತ್ರ ಉಳಿಯುತ್ತದೆ. ಮೂರು ಮೀಟರಿನ ಮೂರು ಕಂಬಿಗಳನ್ನು ಒಂದಕ್ಕೊಂದು ಆರು ಮೀಟರ್ ದೂರದಲ್ಲಿ ಇಳಿಸಿ, ಸುತ್ತ ಬೆಂಟೊನೈಟ್ ಜೇಡಿ ತುಂಬಿ, ಲೋಹದ ಪಟ್ಟಿಯಿಂದ ಒಂದಕ್ಕೊಂದು ಬಿಗಿಯಿರಿ. ಕಲ್ಲು ಬಿಡದಿದ್ದರೆ ಅರ್ಧ ಮೀಟರಿಗೂ ಹೆಚ್ಚು ಆಳದ ಚರಂಡಿ ತೋಡಿ ಪಟ್ಟಿಯನ್ನೇ ಉದ್ದಕ್ಕೆ ಹಾಸಿ. ಒಣ ಕಾಲದಲ್ಲಿ ಅಳೆದಾಗ 5 ಓಮ್ ಒಳಗೆ ಬರಲಿ. ಜುಲೈಯಲ್ಲಿ ಅಳೆದು ಸಮಾಧಾನಪಟ್ಟುಕೊಳ್ಳಬೇಡಿ. ಎಲ್ಲಕ್ಕಿಂತ ದೊಡ್ಡ ತಪ್ಪು ಟವರಿನ ಅರ್ಥ್ ಬೇರೆ, ಕಟ್ಟಡದ ಅರ್ಥ್ ಬೇರೆ ಇರುವುದು. ಸಿಡಿಲು ಬಡಿದಾಗ ಎರಡರ ನಡುವಿನ ಒತ್ತಡ ನಿಮ್ಮ ಯಂತ್ರದ ಮೂಲಕವೇ ಹಾಯುತ್ತದೆ. ಎರಡನ್ನೂ ಸೇರಿಸಿ. ಕೇಬಲಿಗೂ ಕರೆಂಟಿನ ಲೈನಿಗೂ ಸರ್ಜ್ ಅರೆಸ್ಟರ್ (ಸಿಡಿಲಿನ ಒತ್ತಡವನ್ನು ನೆಲಕ್ಕೆ ಹಾಯಿಸುವ ಸಾಧನ) ಹಾಕಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಕೇಳುವ ಮೊದಲೇ ಪ್ರಸಾರ ನಿಲ್ಲಿಸಿ ಕೇಬಲು ಬಿಚ್ಚಿಡಿ, ಗುಡುಗು ಶುರುವಾದ ಮೇಲೆ ಬಿಚ್ಚಲು ಹೋಗುವುದು ಜೀವಕ್ಕೆ ಅಪಾಯ.

ಬೋರ್ಡು ಕೆಡಿಸುವುದರಲ್ಲಿ ಹಲ್ಲಿ ಇರುವೆಗಳ ಪಾಲೂ ಇದೆ. ಫ್ಯಾನಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ತಿಂಗಳಿಗೊಮ್ಮೆ ಬ್ರಷ್ ಆಡಿಸಿ.

ಪ್ರಶ್ನೆ: ನಮ್ಮೂರಿಗೆ ಚಿರತೆ, ಕಾಟಿ (ಕಾಡುಕೋಣ) ಬಂದರೆ ರೇಡಿಯೊದಲ್ಲಿ ಹೇಳಬಹುದೇ? ಸಮುದಾಯ ರೇಡಿಯೊದಲ್ಲಿ ಸುದ್ದಿ ಓದುವಂತಿಲ್ಲ ಎನ್ನುತ್ತಾರಲ್ಲ. ಹೇಳುವುದಾದರೆ ಹೇಗೆ? (ಮಾಳ)

ಉತ್ತರ: ಸ್ವಂತ ಸುದ್ದಿ ಓದುವಂತಿಲ್ಲ, ನಿಜ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು. ಆದರೆ ಹವಾಮಾನ, ಪ್ರಕೃತಿ ವಿಕೋಪ, ರಸ್ತೆ ಸಂಚಾರ, ನೀರು–ವಿದ್ಯುತ್ತು, ಆರೋಗ್ಯದ ಎಚ್ಚರಿಕೆ, ಸ್ಥಳೀಯ ಆಡಳಿತದ ಪ್ರಕಟಣೆ ಇವು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ಕಾಡುಪ್ರಾಣಿಯ ಎಚ್ಚರಿಕೆಯನ್ನು ಈ ಸಾಲಿನಲ್ಲಿ, ವಲಯ ಅರಣ್ಯಾಧಿಕಾರಿಯ ಕಚೇರಿಯೊಡನೆ ಬರಹದಲ್ಲಿ ಮಾಡಿಕೊಂಡ ಏರ್ಪಾಡಿನ ಮೇಲೆ, ಸಾರ್ವಜನಿಕ ಪ್ರಕಟಣೆಯಾಗಿ ಕೊಡಿ. ಯಾರನ್ನು ಹಿಡಿದರು, ಯಾರ ಮೇಲೆ ಬೇಟೆಯ ಕೇಸಾಯಿತು, ಇಲಾಖೆ ತಪ್ಪೋ ಸರಿಯೋ ಎಂಬುದಕ್ಕೆ ಕೈಹಾಕಬೇಡಿ. ಅದು ಸುದ್ದಿ.

ಪ್ರಕಟಣೆಯ ಮೊದಲ ಅರ್ಧ ಕೆಲಸ ಫೋನ್ ಎತ್ತುವವರದು. ಮೇಜಿನ ಮೇಲೆ ಒಂದು ಪುಸ್ತಕ ಇರಲಿ: ಕರೆ ಬಂದ ಗಂಟೆ, ಎಲ್ಲಿಂದ, ಪ್ರಾಣಿಯನ್ನು ಕಂಡ ಗಂಟೆ, ತಾನೇ ಕಂಡದ್ದೋ ಕೇಳಿದ್ದೋ, ಯಾವ ದಿಕ್ಕಿಗೆ ಹೋಯಿತು. ಊರಲ್ಲಿ ಚಿರತೆಗೂ ‘ಹುಲಿ’ ಎನ್ನುವುದು ರೂಢಿ. ಆದ್ದರಿಂದ ಪಟ್ಟೆಯೋ ಚುಕ್ಕೆಯೋ ಎಂದು ಕೇಳಬೇಕು, ಕರಿಚಿರತೆಯಾದರೆ ದೂರಕ್ಕೆ ಎರಡೂ ಕಾಣುವುದಿಲ್ಲ ಎಂಬುದೂ ನೆನಪಿರಲಿ. ವಾಟ್ಸಾಪಿನಲ್ಲಿ ಬಂದ ವಿಡಿಯೊವನ್ನು ಸಾಕ್ಷಿಯೆಂದು ಒಪ್ಪಬೇಡಿ, ಎಲ್ಲಿಯದೋ ಹಳೆಯ ಚಿರತೆ ವರ್ಷಕ್ಕೆ ನಾಲ್ಕು ಸಲ ನಮ್ಮ ತಾಲ್ಲೂಕಿಗೆ ಬಂದು ಹೋಗುತ್ತದೆ. ಗಸ್ತು ಅರಣ್ಯ ಪಾಲಕರಿಂದ ಅಥವಾ ಮೊದಲೇ ಗೊತ್ತುಮಾಡಿಕೊಂಡ ಊರಿನ ಇನ್ನೊಬ್ಬರಿಂದ ಖಚಿತವಾದ ಮೇಲಷ್ಟೇ ಮೈಕು. ಇದಕ್ಕಾಗಿ ಊರಿಗಿಬ್ಬರಂತೆ ಕಿವಿಯಾಳುಗಳು ಬೇಕು. ಡೇರಿಯವರು, ಆಶಾ ಕಾರ್ಯಕರ್ತೆ, ಲೈನ್‌ಮ್ಯಾನ್, ಬೆಳಗಿನ ಬಸ್ಸಿನ ಕಂಡಕ್ಟರ್ ಇಂಥವರು. ಟವರಿಗೆ ಸುರಿಯುವ ದುಡ್ಡಿನ ಹತ್ತರಲ್ಲೊಂದು ಪಾಲಿನ ಗಮನ ಈ ಜನರಿಗೆ ಕೊಟ್ಟ ನಿಲ್ದಾಣಗಳು ಬಹಳ ಇಲ್ಲ.

ಪ್ರಕಟಣೆ ಅರ್ಧ ನಿಮಿಷ, 50 ಪದದ ಒಳಗೆ. ಮಾದರಿ ಇದು:

“ಕಾಡುಪ್ರಾಣಿ ಎಚ್ಚರಿಕೆ. ಇವತ್ತು ಮಂಗಳವಾರ, ಈಗ ಸಂಜೆ ಐದೂವರೆ. ಶಾಲೆಯ ಹಿಂದಿನ ಗುಡ್ಡೆಯಲ್ಲಿ ಮೂರು ಗಂಟೆಗೆ ಒಂಟಿ ಕಾಟಿ ಕಂಡಿದೆ, ಹೊಳೆಯ ಕಡೆಗೆ ಇಳಿದಿದೆ. ಆ ದಾರಿಯಲ್ಲಿ ಒಬ್ಬೊಬ್ಬರೇ ನಡೆಯಬೇಡಿ. ಬೈಕು ನಿಧಾನ. ನೋಡಲು ಗುಂಪುಗೂಡಬೇಡಿ, ಕಲ್ಲು ಎಸೆಯಬೇಡಿ, ನಾಯಿ ಬಿಡಬೇಡಿ. ಕಂಡವರು 1926ಕ್ಕೆ ಕರೆ ಮಾಡಿ. ಮುಂದಿನ ಮಾಹಿತಿ ರಾತ್ರಿ ಎಂಟಕ್ಕೆ.”

ವಾರ ಮತ್ತು ಗಂಟೆ ಮೊದಲ ಸಾಲಿನಲ್ಲೇ ಇರುವುದು ಸುಮ್ಮನೆ ಅಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಉಳಿದುಹೋದ ಮೊನ್ನೆಯ ಪ್ರಕಟಣೆ ಇವತ್ತು ತಾನಾಗಿ ಪ್ರಸಾರವಾಗುವುದುಂಟು. ವಾರ ಹೇಳಿದ್ದರೆ ಕೇಳುಗರಿಗೆ ತಪ್ಪು ಗೊತ್ತಾಗುತ್ತದೆ, ಇಲ್ಲವಾದರೆ ಊರು ರಾತ್ರಿಯಿಡೀ ಎಚ್ಚರ. ಎಂಟಕ್ಕೆ ಹೇಳುತ್ತೇವೆಂದರೆ ಎಂಟಕ್ಕೆ ಹೇಳಲೇಬೇಕು, ‘ಹೊಸತೇನೂ ಇಲ್ಲ’ ಎಂದಾದರೂ ಸರಿ. ಪ್ರಾಣಿ ಕಾಡಿಗೆ ಮರಳಿದಾಗ ‘ಎಚ್ಚರಿಕೆ ಮುಗಿಯಿತು’ ಎಂಬ ಪ್ರಕಟಣೆಯೂ ಬೇಕು. ಇದನ್ನು ಬಿಟ್ಟ ಕಡೆ ಮೂರನೆಯ ಎಚ್ಚರಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊತ್ತು: ಬೆಳಗ್ಗೆ ಡೇರಿಗೆ ಹಾಲು ಹೊರಡುವ ಮೊದಲು, ಮಕ್ಕಳು ಶಾಲೆಗೆ ಹೊರಡುವ ಮೊದಲು, ಸಂಜೆ ಕತ್ತಲಾಗುವ ಮೊದಲು. ಊರಲ್ಲಿ ಯಕ್ಷಗಾನದ ಆಟವೋ ಭೂತದ ಕೋಲವೋ ಇದ್ದ ದಿನ ರಾತ್ರಿ ಹತ್ತಕ್ಕೊಂದು ಹೆಚ್ಚು. ಭಾಷೆ ಮನೆಯದ್ದೇ ಇರಲಿ: ಮಾಳದಲ್ಲಿ ತುಳು, ಅತ್ತ ಸಿದ್ದಾಪುರದಲ್ಲಿ ಕುಂದಗನ್ನಡ. ಗ್ರಂಥದ ಕನ್ನಡದಲ್ಲಿ ‘ವನ್ಯಮೃಗ ಸಂಚಾರ ಗೋಚರಿಸಿದೆ’ ಎಂದರೆ ಅಜ್ಜಿಗೆ ಅದು ಇನ್ನೊಂದು ಸರಕಾರಿ ಭಾಷಣ.

ಎಚ್ಚರಿಕೆಯೇ ಬೇಟೆಗಾರನಿಗೆ ಸುಳಿವೂ ಆಗಬಹುದು. ಮನುಷ್ಯರಿಗೆ ಅಪಾಯ ಇರುವ ಪ್ರಾಣಿಯಾದರೆ ಮಾತ್ರ ಜಾಗ ಹೇಳಿ. ಸಿಂಗಳೀಕದ ಗುಂಪು, ಮಂಗಟ್ಟೆ ಹಕ್ಕಿಯ ಗೂಡಿನ ಮರ, ಚಿಪ್ಪುಹಂದಿಯ ಬಿಲ ಇವುಗಳ ಜಾಗ ಮೈಕಿನ ಮುಂದೆ ಎಂದೂ ಬರಬಾರದು. ಅತಿಥಿಯಾಗಿ ಬಂದವರು ಉತ್ಸಾಹದಲ್ಲಿ ಹೇಳಿಬಿಡುತ್ತಾರೆ, ಆದ್ದರಿಂದ ಇಂಥ ಸಂದರ್ಶನ ನೇರ ಪ್ರಸಾರ ಬೇಡ.

ರೇಡಿಯೊ ಒಂದನ್ನೇ ನೆಚ್ಚಬೇಡಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆಗಳ ಸುಳಿವನ್ನು ಕೇಬಲ್ ಟಿವಿಯ ಪಟ್ಟಿಯಲ್ಲಿ, ಮೊಬೈಲ್ ಸಂದೇಶದಲ್ಲಿ, ದಾರಿಬದಿಯ ಕೆಂಪು ದೀಪಗಳಲ್ಲಿ ಒಟ್ಟಿಗೆ ಕೊಡುತ್ತಾ ಬಂದಿದ್ದಾರೆ. ಒಂದನ್ನು ತಪ್ಪಿಸಿಕೊಂಡವರಿಗೆ ಇನ್ನೊಂದು ಮುಟ್ಟುತ್ತದೆ. ನಮ್ಮಲ್ಲಿ ಕರೆಂಟು ಹೋದಾಗಲೂ ಮೊಬೈಲ್ ಟವರ್ ಸತ್ತಾಗಲೂ ಉಳಿಯುವುದು ಸೆಲ್ ಹಾಕಿದ ರೇಡಿಯೊ. ಹಾಗಾಗಬೇಕಾದರೆ ನಿಲ್ದಾಣದಲ್ಲೂ ಕರೆಂಟು ಉಳಿಯಬೇಕು. 12 ವೋಲ್ಟಿನ 150 ಎಎಚ್ ಬ್ಯಾಟರಿ ಒಂದು 300 ವ್ಯಾಟ್ ಹೊರೆಯನ್ನು ಸುಮಾರು ಮೂರು ಗಂಟೆ ಹೊರುತ್ತದೆ. ಅದಕ್ಕೂ ಮೀರಿದರೆ ಬ್ಯಾಟರಿಯ ಆಯುಸ್ಸು ತಿಂದಂತೆ. ತುರ್ತಿಗೆ ಟ್ರಾನ್ಸ್‌ಮಿಟರ್, ಒಂದು ಮೈಕು, ಒಂದು ಮಿಕ್ಸರ್ ಮಾತ್ರ ಇನ್ವರ್ಟರಿನಲ್ಲಿರಲಿ, ಕಂಪ್ಯೂಟರ್ ಆರಿಸಿ.

ನಮ್ಮ ಕಡೆಗೇ ವಿಶೇಷವಾದ ಇನ್ನೊಂದು: ಕಟ್ಟೆಯಿಲ್ಲದ ಬಾವಿಗೆ ಬೀಳುವ ಚಿರತೆ. ಅದಕ್ಕೊಂದು ಪ್ರಕಟಣೆ ಮೊದಲೇ ಮುದ್ರಿಸಿಡಿ. 1926ಕ್ಕೆ ತಿಳಿಸಿ, ಹಗ್ಗ ಕಟ್ಟಿದ ಹಲಗೆಯನ್ನೋ ಒಣ ಮರದ ತುಂಡನ್ನೋ ಆನಿಕೊಳ್ಳಲು ಇಳಿಸಿ, ಜನರನ್ನು ಹಿಂದೆ ಸರಿಸಿ. ಸಿಬ್ಬಂದಿ ಬರುವ ಮೊದಲು ಏಣಿ ಇಳಿಸಬಾರದು. ಏಣಿ ಹತ್ತಿ ಬರುವುದು ಗುಂಪಿನ ನಡುವಿಗೆ.

ಪ್ರಶ್ನೆ: ಗದ್ದೆಯ ಮಾಳದಲ್ಲಿ (ಕಾವಲಿನ ಅಟ್ಟಣೆಯಲ್ಲಿ) ರಾತ್ರಿಯಿಡೀ ರೇಡಿಯೊ ಹಾಡಿಸಿಟ್ಟರೆ ಹಂದಿ ಬರುವುದಿಲ್ಲವಂತೆ. ನಿಜವೇ? (ನಾರಾವಿ)

ಉತ್ತರ: ನಾಲ್ಕೈದು ರಾತ್ರಿ ನಿಜ. ಆಮೇಲೆ ಹಂದಿಗೆ ಅದು ಹಾಡುವ ಕಲ್ಲು. ಉಪಯೋಗಿಸಬೇಕಾದ ಕ್ರಮ ಬೇರೆ: ಬಿತ್ತನೆಯ ದಿನದಿಂದಲೇ ಹಚ್ಚಬೇಡಿ. ತೆನೆಯಲ್ಲಿ ಹಾಲು ತುಂಬುವ ಎರಡು ವಾರಕ್ಕೆಂದು ಕಾಯ್ದಿಡಿ. ಎರಡು ರಾತ್ರಿಗೊಮ್ಮೆ ಜಾಗ ಬದಲಿಸಿ, ಸಂಗೀತಕ್ಕಿಂತ ಮಾತಿನ ಕಾರ್ಯಕ್ರಮ ಇಡಿ, ನಡುವೆ ಆರಿಸಿ ಮತ್ತೆ ಹಚ್ಚಿ, ಒಂದೆರಡು ಸಲ ನೀವೇ ಟಾರ್ಚು ಹಿಡಿದು ಹೋಗಿ ಬನ್ನಿ. ಸದ್ದಿನ ಹಿಂದೆ ನಿಜವಾದ ಮನುಷ್ಯ ಇದ್ದಾನೆಂದು ಹಂದಿಗೆ ಆಗಾಗ ಗೊತ್ತಾಗಬೇಕು. ಬೇಲಿಗೆ ಮನೆಯ ಕರೆಂಟನ್ನು ನೇರ ಕೊಡುವುದು, ಉರುಳು, ಸಿಡಿಮದ್ದು ಇವು ಅಪರಾಧ. ಉರುಳಿಗೆ ಹಂದಿಗಿಂತ ಮೊದಲು ಚಿರತೆಯೂ ಮನೆಯ ನಾಯಿಯೂ ಬೀಳುತ್ತವೆ, ಕರೆಂಟು ಬೇಲಿಗೆ ಪಕ್ಕದ ಮನೆಯವರು.

ಪ್ರಶ್ನೆ: ಮಂಗನ ಕಾಯಿಲೆಯ ಬಗ್ಗೆ ರೇಡಿಯೊ ಏನು ಹೇಳಬೇಕು? ಹೇಳಿದರೆ ಜನ ಮಂಗಗಳನ್ನೇ ಕೊಲ್ಲತೊಡಗುವ ಹೆದರಿಕೆಯೂ ಇದೆ. (ಬೈಂದೂರು)

ಉತ್ತರ: ಹೆದರಿಕೆ ಸರಿಯಾದದ್ದೇ, ಅದಕ್ಕೆ ಮದ್ದು ಹೇಳುವ ಕ್ರಮದಲ್ಲಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಸ್ ಹರಡುವುದು ಉಣುಗಿನಿಂದ. ಮಂಗವೂ ಮುಸುವವೂ ನಮ್ಮ ಹಾಗೆಯೇ ಅದಕ್ಕೆ ಬಲಿಯಾಗುವವು. ‘ಮಂಗದಿಂದ ಬರುವ ಕಾಯಿಲೆ’ ಎನ್ನುವ ಬದಲು ‘ಉಣುಗಿನ ಜ್ವರ, ಮಂಗ ಮೊದಲು ಸಾಯುತ್ತದೆ’ ಎನ್ನಿ. ಸತ್ತ ಮಂಗವೇ ಊರಿಗೆ ಸಿಗುವ ಮೊದಲ ಸೂಚನೆ. ಸತ್ತ ಮಂಗದ ಮೈಯಿಂದ ಉಣುಗುಗಳು ಸುತ್ತಲ ನೆಲಕ್ಕೆ ಉದುರುತ್ತವೆ. ಆದ್ದರಿಂದ ಮುಟ್ಟಬಾರದು, ಹೂಳಬಾರದು, ಹತ್ತಿರ ಹೋಗಿ ಫೋಟೊ ತೆಗೆಯಲೂಬಾರದು. ಜಾಗ ಗುರುತಿಟ್ಟು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅದೇ ದಿನ ತಿಳಿಸಬೇಕು. ಅವರು ಬಂದು ಮಾದರಿ ತೆಗೆದು ಸುತ್ತ 50 ಮೀಟರಿಗೆ ಕೀಟನಾಶಕ ಪುಡಿ ಹಾಕುತ್ತಾರೆ.

ಹೆಚ್ಚು ಕಾಣುವುದು ಡಿಸೆಂಬರಿನಿಂದ ಮೇ ತನಕ. ನಮ್ಮಲ್ಲಿ ಹಟ್ಟಿಗೆ ತರಗೆಲೆ ಗುಡಿಸಿ ತರುವ ಕಾಲವೂ ಅದೇ. ಆದ್ದರಿಂದ ಪ್ರಸಾರ ನವೆಂಬರಿನಲ್ಲೇ ಶುರುವಾಗಲಿ, ಮತ್ತು ‘ಕಾಡಿಗೆ ಹೋಗಬೇಡಿ’ ಎಂಬ ಯಾರೂ ಪಾಲಿಸದ ಉಪದೇಶ ಬೇಡ. ಮಂಗ ಸತ್ತ ಜಾಗದ ತರಗೆಲೆ ತರಬೇಡಿ. ಹೋಗುವುದಾದರೆ ಉದ್ದ ತೋಳಿನ ಅಂಗಿ, ಮುಚ್ಚಿದ ಕಾಲು. ಆರೋಗ್ಯ ಕೇಂದ್ರ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮೂರ್ನಾಲ್ಕು ಗಂಟೆಗೆ ಮತ್ತೊಮ್ಮೆ. ಮರಳಿದ ಮೇಲೆ ಬಿಸಿನೀರು ಸೋಪಿನ ಸ್ನಾನ, ಬಟ್ಟೆ ಬಿಸಿನೀರಿಗೆ. ದನದ ಮೈಯ ಉಣುಗನ್ನೂ ನೋಡಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಕಾಡಿಗೆ ಹೋಗಿದ್ದೆ’ ಎಂದು ವೈದ್ಯರಿಗೆ ಹೇಳಿ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂಬ ಮಾತನ್ನೂ ಬಿಡಬೇಡಿ, ರೋಗಿಯ ಮನೆಯವರನ್ನು ದೂರ ಇಡುವುದು ನಿಲ್ಲುತ್ತದೆ.

ಪ್ರಶ್ನೆ: ಕಡಲಾಮೆಗಳಿಗಾಗಿ ರೇಡಿಯೊ ಏನು ಮಾಡಬಹುದು? (ಕೋಡಿ, ಕುಂದಾಪುರ)

ಉತ್ತರ: ನಮ್ಮ ತೀರಕ್ಕೆ ಬರುವ ಆಲಿವ್ ರಿಡ್ಲಿ ನವೆಂಬರ್–ಮಾರ್ಚ್ ನಡುವೆ ಒಂದು ಗೂಡಿಗೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ, 45–60 ದಿನಕ್ಕೆ ಮರಿ. ಮರಿಗಳು ಬೆಳಕಿನ ಕಡೆಗೆ ಹರಿಯುತ್ತವೆ, ತೀರದ ದೀಪ ಉರಿದರೆ ರಸ್ತೆಗೆ ಬರುತ್ತವೆ. ಗೂಡಿನ ಜಾಗ ಹೇಳದೆ, ‘ಇವತ್ತಿನಿಂದ ಹದಿನೈದು ದಿನ ಕಡಲ ಬದಿಯ ದೀಪ ಆರಿಸಿ’ ಎಂದಷ್ಟೇ ಹೇಳಿ. ಕಡಲಿನ ಮೇಲೆ ಎಫ್‌ಎಂಗೆ ಅಡ್ಡಿಯಿಲ್ಲ, ದೋಣಿಗಳಿಗೆ ಚೆನ್ನಾಗಿ ಮುಟ್ಟುತ್ತದೆ. ಬಲೆಗೆ ಸಿಕ್ಕ ಆಮೆಯನ್ನು ಬಿಡಿಸುವ ಕ್ರಮವನ್ನು ಮೀನುಗಾರರ ಬಾಯಲ್ಲೇ ಹೇಳಿಸಿ.

ಪ್ರಶ್ನೆ: ಕಾಡಂಚಿನ ಮನೆಗಳಲ್ಲಿ ಮುದ್ರಿಸಿದ ಸಂದರ್ಶನದಲ್ಲಿ ಜೀರುಂಡೆಯೇ ಹೆಚ್ಚು, ಮಾತು ಕಡಿಮೆ. (ಕೊಲ್ಲೂರು)

ಉತ್ತರ: ಮೈಕು ದೂರ ಇದೆ. ಬಾಯಿಂದ ಒಂದು ಗೇಣಿನೊಳಗೆ, ಸ್ವಲ್ಪ ಓರೆಗೆ ಹಿಡಿಯಿರಿ. ದೂರ ಅರ್ಧವಾದರೆ ಮಾತು 6 ಡೆಸಿಬೆಲ್ ಏರುತ್ತದೆ, ಜೀರುಂಡೆ ಇದ್ದಲ್ಲೇ ಇರುತ್ತದೆ. ಕಂಡೆನ್ಸರ್ ಮೈಕಿಗಿಂತ ಡೈನಮಿಕ್ ಮೈಕು ಇಲ್ಲಿ ಮೇಲು. ಅತಿ ಜೋರು ಮಾತು ಮಾಪಕದಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಮುಸ್ಸಂಜೆ ಬಿಟ್ಟು ಹತ್ತು ಗಂಟೆಯ ಬೆಳಗಿಗೆ ಹೋಗಿ. ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಮುದ್ರಿಸಿದ್ದನ್ನು ಯಾವ ಸಾಫ್ಟ್‌ವೇರೂ ಉಳಿಸದು. ಆ ಜಾಗದ ಮಾತಿಲ್ಲದ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ಹಿಡಿದು ತನ್ನಿ, ಎಡಿಟ್ ಮಾಡುವಾಗ ಜೋಡು ಕಾಣದಂತೆ ತುಂಬಲು ಬೇಕಾಗುತ್ತದೆ.

ಪ್ರಶ್ನೆ: ಟವರಿನ ವಿಕಿರಣದಿಂದ ಹಕ್ಕಿ, ಜೇನು ನಾಶವಾಗುವುದಿಲ್ಲವೇ? (ಮೂಡುಬಿದಿರೆ)

ಉತ್ತರ: ಲೆಕ್ಕ ಹಾಕೋಣ. 100 ವ್ಯಾಟಿನ ಈ ನಿಲ್ದಾಣದ ಆಂಟೆನಾದಿಂದ 10 ಮೀಟರ್ ದೂರದಲ್ಲಿ ಚದರ ಮೀಟರಿಗೆ ಸುಮಾರು 0.13 ವ್ಯಾಟ್, 30 ಮೀಟರಿನಲ್ಲಿ 0.015ರಷ್ಟು. ಜನಸಾಮಾನ್ಯರಿಗೆ ಅಂತರರಾಷ್ಟ್ರೀಯ ಮಿತಿ ಈ ತರಂಗಾಂತರಕ್ಕೆ 2 ವ್ಯಾಟ್. ಹಕ್ಕಿಗೆ ಹೆಚ್ಚಿನ ತೊಂದರೆ ಟವರನ್ನು ಬಿಗಿದ ತಂತಿಗಳಿಂದ, ಮಂಜಿನ ಬೆಳಗಿನಲ್ಲಿ ಕಾಣದೆ ಬಡಿಯುತ್ತವೆ. ತಂತಿಗೆ ಐದು ಮೀಟರಿಗೊಂದರಂತೆ ಬಿಳಿ ಪೈಪಿನ ತುಂಡು ತೊಡಿಸಿ. ಆಂಟೆನಾಕ್ಕೆ ಏರುವ ಮನುಷ್ಯನ ಮಾತು ಬೇರೆ, ಅವನು ಹತ್ತುವ ಮೊದಲು ಟ್ರಾನ್ಸ್‌ಮಿಟರ್ ಆರಿಸಿ ಪ್ಲಗ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಲಿ.